ಓದದೇ ಉಳಿದ ನಾಲ್ಕನೆಯ ಪುಟ

16 ಸೆಪ್ಟೆಂಬರ್ 2018

ಮಾನ್ಯ ಮಿಸೆಸ್ ಥೇಯರ್ ಅವರಿಗೆ,

ಕಾಲೇಜು ಶುರುವಾಗಿ ಮೂರು ವಾರವಾಯಿತು. ವಿದ್ಯಾರ್ಥಿವೇತನದ ನಿಯಮದಂತೆ ಈ ವರ್ಷದ ಮೊದಲ ಕಾಗದ ಬರೆಯುತ್ತಿದ್ದೇನೆ: ಕೈಬರಹ, ನೀಲಿ ಶಾಯಿ, ಮೂರು ಪುಟಕ್ಕೆ ಕಡಿಮೆಯಿಲ್ಲ. ಹೋದ ವರ್ಷ ಕಪ್ಪು ಶಾಯಿಯಲ್ಲಿ ಬರೆದಾಗ ನೀವು ಫೋನು ಮಾಡಿ, "ಯಾರು ಹೋದ್ರಮ್ಮ?" ಎಂದು ಕೇಳಿದ್ದು ಮರೆತಿಲ್ಲ. ಬುಧವಾರದ ಸಭೆಯಲ್ಲಿ ಚಹಾ ಆರುವ ಮುಂಚೆ ಇದನ್ನು ಓದಿ ಮುಗಿಸುತ್ತೀರೆಂದು ನಂಬಿದ್ದೇನೆ. ಕೋಲ್ಟನ್ ಫಾಲ್ಸ್ ಗಾರ್ಡನ್ ಕ್ಲಬ್ಬಿನ ಎಲ್ಲ ಹಿರಿಯರಿಗೂ ನನ್ನ ವಂದನೆಗಳು.

ಈ ವರ್ಷ ನಾಲ್ಕು ವಿಷಯ. ಉದ್ಯಾನ ವಿನ್ಯಾಸ, ಮಳೆನೀರಿನ ನಿರ್ವಹಣೆ, ನಕ್ಷೆ ಬರೆಯುವುದು, ಮತ್ತು ನಾನು ಎರಡು ವರ್ಷದಿಂದ ಕಾಯುತ್ತಿದ್ದ ಮಣ್ಣಿನ ತರಗತಿ. ಮೊದಲ ದಿನವೇ ಪ್ರೊಫೆಸರರು ನಮ್ಮನ್ನೆಲ್ಲ ಕಾಡಿಗೆ ಕರೆದುಕೊಂಡು ಹೋಗಿ ಮೊಣಕಾಲೂರಿಸಿ ಎಲೆಗಳನ್ನು ಒಂದೊಂದೇ ಪದರ ಎತ್ತಿಸಿದರು. ಪ್ಯಾಂಟು ಹಾಳಾಯಿತು, ಆದರೆ ಇಷ್ಟು ಖುಷಿಯಾಗಿ ನಾನು ಯಾವ ತರಗತಿಯಲ್ಲೂ ಕೂತಿರಲಿಲ್ಲ.

ಆಗಸ್ಟಿನ ಬೀಳ್ಕೊಡುಗೆಯಲ್ಲಿ ನೀವು ಕೊಟ್ಟ ಹೋಸ್ಟಾ ಗಿಡವನ್ನು ಹಿಂದಿನ ಎರಡು ವರ್ಷದವುಗಳ ಪಕ್ಕದಲ್ಲೇ ನೆಟ್ಟೆ. ಅಪ್ಪ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ಮನೆಯ ಹಿಂದೆ, ನಮ್ಮ ಕಾಡಿನ ಅಂಚಿನಲ್ಲಿ, ಅದಕ್ಕೆ ಬೇಕಾದ ನೆರಳಿದೆ. ಅಪ್ಪ ನೋಡಿ, "ನೀನು ಇನ್ನೂ ಓದ್ತಾ ಹೋದ್ರೆ ನಂಗೆ ಕಟ್ಟಿಗೆ ಇಡೋಕೂ ಜಾಗ ಇರಲ್ಲ, ಬರೀ ಎಲೆಗಿಡಾನೇ" ಅಂದರು. ಅಂದರೂ ನೀರು ಹಾಕುವವರು ಅವರೇ.

ಇಂತಿ ನಿಮ್ಮ,
ನೊಯೆಲ್ ಡೆರೋಶೆ


5 ಅಕ್ಟೋಬರ್ 2018

ಪ್ರೀತಿಯ ನೊಯೆಲ್,

ಕಾಗದ ಬುಧವಾರ ಓದಿದೆ. ಲೋರ್ನಾ ಬೀಬಿ ಎಂದಿನಂತೆ ಎರಡನೇ ಪುಟಕ್ಕೆ ನಿದ್ದೆ ಹೋದಳು, ಮೂರನೆಯದರ ಕೊನೆಗೆ ಎದ್ದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನಿನ್ನ ಪ್ಯಾಂಟಿನ ಕಥೆಗೆ ಎಲ್ಲರೂ ನಕ್ಕರು. ನಿನ್ನ ಅಕ್ಷರ ಮಾತ್ರ ವರ್ಷದಿಂದ ವರ್ಷಕ್ಕೆ ಹದಗೆಡುತ್ತಿದೆ. ನಿಮ್ಮಪ್ಪನ ಅಕ್ಷರವೂ ಹೀಗೆಯೇ ಇತ್ತು. ಮೂರನೇ ಕ್ಲಾಸಿನಲ್ಲಿ ಅವನಿಗೆ ನಾನು ಕಲಿಸಿದ್ದರಲ್ಲಿ ತಲೆಗೆ ಹತ್ತಿದ್ದು ಒಂದೇ, ಕಿಟಕಿ ಗಾಜಿಗೆ ಚೆಂಡು ಹೊಡೆಯಬಾರದೆಂಬುದು. ಅದೂ ಒಂದು ಗಾಜು ಹೋದ ಮೇಲೆ.

ಇಲ್ಲಿ ಎಲ್ಲರೂ ಎಲೆ ಗುಡಿಸುವುದರಲ್ಲಿದ್ದೇವೆ. ನನ್ನ ಶೆಡ್ಡಿನ ಹಿಂದಿನ ಕ್ಲಬ್ಬಿನ ಗೊಬ್ಬರದ ರಾಶಿ ನಿನಗೆ ಗೊತ್ತಲ್ಲ. ನಮ್ಮ ಸ್ಥಾಪಕಿ ಎಡಿತ್ ಪೊಮ್ರಾಯ್ ಅದನ್ನು ಶುರು ಮಾಡಿ ಅರವತ್ತು ವರ್ಷವಾಯಿತು. ಮೇ ತಿಂಗಳ ಗಿಡಮಾರಾಟಕ್ಕೆ ಕುಂಡ ತುಂಬುವಾಗ ಪ್ರತಿಯೊಂದಕ್ಕೂ ಅದರಿಂದ ಒಂದು ಹಿಡಿ ಹಾಕದೆ ಬಿಟ್ಟದ್ದಿಲ್ಲ. ಎಡಿತ್‌ಳ ಹಿಡಿ ಬೀಳದ ಕುಂಡ ನಮ್ಮ ಮೇಜು ಹತ್ತುವುದಿಲ್ಲ. ಆ ಕುಂಡಗಳು ಮಾರಾಟವಾಗಿಯೇ ನಿನ್ನಂಥ ಹನ್ನೊಂದು ಹುಡುಗ ಹುಡುಗಿಯರು ಓದಿದರು.

ಈ ವರ್ಷ ರಾಶಿ ಹಿಂದೆಂದೂ ಕಾಣದಷ್ಟು ಚೆನ್ನಾಗಿದೆ. ಕರ್ರಗೆ, ಕಾಳುಕಾಳಾಗಿ, ಥೇಟು ಕಾಫಿ ಸೋಸಿದ ಚರಟದಂತೆ. ಸಲಿಕೆ ಹಾಕಿದರೆ ಎರೆಹುಳುಗಳು ಹಾವಿನಂತೆ ಹೊರಳಾಡುತ್ತವೆ, ಒಂದೆರಡು ಕೈಯಿಂದ ಜಿಗಿದೇ ಹೋಗುತ್ತವೆ. ಮಣ್ಣಿನ ತರಗತಿಯವಳು ನೀನು, ಏನನ್ನುತ್ತೀಯ? ಇಂಥ ಮಣ್ಣು ಒಳ್ಳೆಯದೇ ತಾನೇ? ನಿನ್ನ ಮುಂದಿನ ಕಾಗದದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆ.

ಪ್ರೀತಿಯಿಂದ,
ವಿನಿಫ್ರೆಡ್ ಥೇಯರ್
ಅಧ್ಯಕ್ಷೆ, ವಿದ್ಯಾರ್ಥಿವೇತನ ಸಮಿತಿ


4 ನವೆಂಬರ್ 2018

ಮಾನ್ಯ ಮಿಸೆಸ್ ಥೇಯರ್ ಅವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಅಕ್ಟೋಬರಿನ ಎರಡನೇ ವಾರ ಮೂರು ದಿನ ಮನೆಗೆ ಬಂದಿದ್ದೆ. ಅಪ್ಪನ ಜೊತೆ ರಸ ಇಳಿಸಲು ಮರದಿಂದ ಮರಕ್ಕೆ ಕೊಳವೆ ಬಿಗಿಯುವ ಕೆಲಸವಿತ್ತು, ನಿಮ್ಮಲ್ಲಿಗೆ ಬರಲಾಗಲಿಲ್ಲ.

ಮಳೆನೀರಿನ ತರಗತಿಯಲ್ಲಿ ಹಳೆಯ ರೈಲು ನಿಲ್ದಾಣದ ಅಂಗಳಕ್ಕೆ ನಾನು ಮಾಡಿದ ನಕ್ಷೆ ಚೆನ್ನಾಗಿದೆ ಎಂದರು. ಅದರ ಪ್ರತಿ ಇದರೊಂದಿಗಿದೆ. ಉಳಿದ ಎರಡು ಪುಟ ಅದರ ವಿವರಣೆ. ಮುಂದಿನ ವರ್ಷಕ್ಕೆ, ಅಂದರೆ ನನ್ನ ಕೊನೆಯ ವರ್ಷಕ್ಕೆ, ವಿದ್ಯಾರ್ಥಿವೇತನ ಮುಂದುವರಿಸಲು ಅರ್ಜಿಯನ್ನೂ ಇಟ್ಟಿದ್ದೇನೆ.

ರಾಶಿಯ ಬಗ್ಗೆ ನೀವು ಬರೆದದ್ದು ಓದಿ ಸಂತೋಷವಾಯಿತು. ಆ ರಾಶಿಗೆ ಎಲೆ ಎಲ್ಲೆಲ್ಲಿಂದ ಬರುತ್ತದೆ? ಸುಮ್ಮನೆ ಕೇಳಿದೆ.

ಇಂತಿ ನಿಮ್ಮ,
ನೊಯೆಲ್


12 ನವೆಂಬರ್ 2018

ಪ್ರೀತಿಯ ನೊಯೆಲ್,

ಎಲೆ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀಯ. ಮರದಿಂದ.

ನಕ್ಷೆ ಎಲ್ಲರಿಗೂ ತೋರಿಸಿದೆ. ಅರ್ಜಿ ತಲುಪಿತು, ಫೆಬ್ರವರಿಯ ಸಭೆಯಲ್ಲಿ ಕೈಯೆತ್ತಿಸುತ್ತೇವೆ. ರಾಶಿಯ ಬಗ್ಗೆ ನೀನು ಕೊಂಕು ತೆಗೆಯದಿದ್ದುದು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಓದಿದವಳು ಸಂತೋಷವೆಂದರೆ ಸಂತೋಷವೇ.

ಚಳಿ ಬಿದ್ದಿದೆ. ಕಾಲುಚೀಲ ಎರಡೆರಡು ಹಾಕಿಕೊ.

ವಿ. ಥೇಯರ್


8 ಫೆಬ್ರವರಿ 2019

ಪ್ರೀತಿಯ ನೊಯೆಲ್,

ಮೂವತ್ತೊಂದು ಕೈಗಳೂ ಎದ್ದವು. ಲೋರ್ನಾ ಎರಡೂ ಕೈ ಎತ್ತಿದಳು, ಒಂದನ್ನು ಇಳಿಸೆಂದು ನಾನೇ ಹೇಳಬೇಕಾಯಿತು. ಕೊನೆಯ ವರ್ಷ ನಿನ್ನದೇ. ಎಂದಿನಂತೆ ಮೇ ಹನ್ನೊಂದರ ಶನಿವಾರ ಗಿಡಮಾರಾಟ ಆದ ಮೇಲೆ ಕಾಲೇಜಿಗೆ ಚೆಕ್ಕು ಹೋಗುತ್ತದೆ. ಈ ಸಲ ಆರುನೂರು ಕುಂಡ ಎಂದು ಲೆಕ್ಕ ಹಾಕಿದ್ದೇವೆ.

ಡಿಸೆಂಬರಿನ ಕಾಗದ ಬರಲಿಲ್ಲವೆಂದು ಯಾರಿಗೂ ಹೇಳಿಲ್ಲ. ಅಂಚೆಯ ಮೇಲೆ ಹಾಕಿದ್ದೇನೆ. ಮಾರ್ಚಿನದು ತಪ್ಪಬಾರದು.

ವಿ. ಥೇಯರ್


18 ಮಾರ್ಚ್ 2019

ಮಾನ್ಯ ಮಿಸೆಸ್ ಥೇಯರ್ ಅವರಿಗೆ,

ಮೊದಲ ಮೂರು ಪುಟ ಎಂದಿನಂತೆ ಬರೆದಿದ್ದೇನೆ, ತರಗತಿ, ನಕ್ಷೆ, ಬೇಸಿಗೆಯ ಕೆಲಸ. ಇದು ನಾಲ್ಕನೆಯದು. ನಿಯಮದ ಲೆಕ್ಕದಲ್ಲಿ ಇದು ಹೆಚ್ಚುವರಿ. ಆದರೂ ಇದನ್ನು ದಯವಿಟ್ಟು ಸಭೆಯಲ್ಲಿ ಓದಿ. ಬೇಕಿದ್ದರೆ ಮೊದಲ ಮೂರನ್ನು ಬಿಟ್ಟುಬಿಡಿ.

ಈಚೆಗೆ ತರಗತಿಯಲ್ಲಿ ಒಂದು ಬಗೆಯ ಎರೆಹುಳುವಿನ ಬಗ್ಗೆ ತಿಳಿಯಿತು. ಜಿಗಿಯುವ ಹುಳು ಎನ್ನುತ್ತಾರೆ. ಏಷ್ಯಾದ ಕಡೆಯಿಂದ ಬಂದದ್ದು. ನೀವು ಅಕ್ಟೋಬರಿನಲ್ಲಿ ಬರೆದ ಮಾತುಗಳನ್ನೇ ಪ್ರೊಫೆಸರರು ಹಲಗೆಯ ಮೇಲೆ ಬರೆದರು: ಹಾವಿನಂತೆ ಹೊರಳುತ್ತದೆ, ಕೈಯಿಂದ ಜಿಗಿಯುತ್ತದೆ, ಮಣ್ಣನ್ನು ಕಾಫಿ ಚರಟದಂತೆ ಮಾಡುತ್ತದೆ.

ಎರೆಹುಳು ಇದ್ದರೆ ಮಣ್ಣಿಗೆ ಜೀವ ಎಂದು ನಾವೆಲ್ಲ ಕೇಳಿ ಬೆಳೆದವರು. ಹೊಲಕ್ಕೆ ಅದು ಸರಿಯಿರಬಹುದು. ನಮ್ಮ ವರ್ಮಾಂಟಿನ ಕಾಡು ಹಿಮಯುಗದ ಹಿಮ ಕರಗಿದಾಗಿನಿಂದ ಎರೆಹುಳುವೇ ಇಲ್ಲದೆ ಬೆಳೆದದ್ದು. ಇಲ್ಲಿ ಉದುರಿದ ಎಲೆ ವರ್ಷಗಟ್ಟಲೆ ನೆಲದ ಮೇಲೆ ಹಾಸಿಕೊಂಡಿರುತ್ತದೆ, ಮೇಪಲ್ ಬೀಜ ಆ ಹಾಸಿನಲ್ಲೇ ಮೊಳೆಯಬೇಕು. ಈ ಹುಳು ಒಂದೇ ಬೇಸಿಗೆಯಲ್ಲಿ ಹಾಸನ್ನೆಲ್ಲ ತಿಂದುಬಿಡುತ್ತದೆ. ದೊಡ್ಡ ಮರಗಳು ನಿಂತಿರುತ್ತವೆ, ಕೆಳಗೆ ಒಂದು ಸಸಿಯೂ ಏಳುವುದಿಲ್ಲ.

ಹುಳು ಚಳಿಗೆ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆ ಸಾಸಿವೆ ಕಾಳಿನಷ್ಟಿರುತ್ತದೆ, ಮಣ್ಣಿನದೇ ಬಣ್ಣ, ಹೆಕ್ಕಿ ತೆಗೆಯಲು ಆಗದು. ಒಂದು ಹಿಡಿ ಗೊಬ್ಬರದಲ್ಲಿ ಹತ್ತಾರು ಇರಬಹುದು. ಆರುನೂರು ಕುಂಡ, ಆರುನೂರು ಹಿಡಿ. ಅವು ಊರಿನ ಎಲ್ಲ ಅಂಗಳಕ್ಕೂ ಹೋಗುತ್ತವೆ. ನಮ್ಮೂರಿನಲ್ಲಿ ಅಂಗಳ ಮುಗಿದಲ್ಲಿ ಕಾಡು ಶುರು.

ಒಂದು ಚಿಟಿಕೆ ಮಣ್ಣು ಕಳಿಸಿ ತೋರಿಸಬಹುದಿತ್ತು, ಆದರೆ ಮಾಡಬಾರದ್ದೇ ಅದು. ಮಾರಾಟ ನಿಲ್ಲಿಸಿ.

ನೊಯೆಲ್


5 ಏಪ್ರಿಲ್ 2019

ಪ್ರೀತಿಯ ನೊಯೆಲ್,

ಕಾಗದ ಓದಿದೆ. ಮೂರು ಪುಟ. ಬೇಸಿಗೆಯ ಕೆಲಸದ ಬಗ್ಗೆ ಎಲ್ಲರಿಗೂ ಹೆಮ್ಮೆಯಾಯಿತು.

ನಾಲ್ಕನೆಯದನ್ನು ನಾನೊಬ್ಬಳೇ ಓದಿಕೊಂಡೆ. ಸಭೆಯಲ್ಲಿ ಕೂರುವವರು ಎಪ್ಪತ್ತು ದಾಟಿದವರು, ಅರ್ಧ ಕೇಳಿಸಿಕೊಂಡು ಪೂರ್ತಿ ಹೆದರುವವರು. ಈಗಾಗಲೇ ನಾನೂರು ಕುಂಡ ತುಂಬಿ ನನ್ನ ಅಂಗಳದಲ್ಲಿ ಸಾಲಾಗಿ ನಿಂತಿವೆ. ಪುಸ್ತಕದಲ್ಲಿ ಓದಿದ ಹುಳುವೂ ನನ್ನ ರಾಶಿಯ ಹುಳುವೂ ಒಂದೇ ಎಂದು ನೂರು ಮೈಲಿ ದೂರದಿಂದ ಹೇಗೆ ಹೇಳುತ್ತೀಯ? ನೀನಿನ್ನೂ ವಿದ್ಯಾರ್ಥಿನಿ. ಮಾರಾಟ ಮುಗಿಯಲಿ, ಜೂನ್‌ನಲ್ಲಿ ಬಂದು ನೋಡು, ಇಬ್ಬರೂ ನಿಧಾನವಾಗಿ ಮಾತಾಡೋಣ.

ಊಟ ಸರಿಯಾಗಿ ಮಾಡುತ್ತಿದ್ದೀಯ ತಾನೇ?

ವಿ. ಥೇಯರ್


10 ಏಪ್ರಿಲ್ 2019

ಮಿಸೆಸ್ ಥೇಯರ್ ಅವರಿಗೆ,

ಜೂನ್‌ನಲ್ಲಿ ಮಾತಾಡಲು ಏನೂ ಉಳಿದಿರುವುದಿಲ್ಲ.

ನನ್ನ ಕಾಗದದ ಒಂದು ಪುಟವನ್ನು ನೀವು ಮುಚ್ಚಿಟ್ಟಿರಿ. ಮೂರು ವರ್ಷದಿಂದ ನನ್ನ ಕಾಗದಗಳನ್ನು ನೀವು ಓದುತ್ತಿದ್ದೀರಿ, ಇನ್ನೆಷ್ಟು ಪುಟ ಹೀಗೆ ಹೋಗಿವೆಯೋ ಎಂದು ಈಗ ಅನುಮಾನ ಬರುತ್ತಿದೆ. ಪರಿಸರ ಓದುವವರಿಗೆ ಸಹಾಯ ಎಂದು ನಿಮ್ಮ ಫಲಕದ ಮೇಲೆ ಚಿನ್ನದ ಅಕ್ಷರದಲ್ಲಿ ಬರೆದಿದೆ. ಓದಿದವಳು ಓದಿದ್ದನ್ನು ಹೇಳಿದರೆ ಬಾಯಿ ಮುಚ್ಚಿಸುತ್ತೀರಿ. ಕ್ಲಬ್ಬಿನ ಹೆಸರು ಕೆಡುತ್ತದೆ, ಎಡಿತ್ ಪೊಮ್ರಾಯ್ ಅವರ ಹೆಸರು ಕೆಡುತ್ತದೆ, ನಿಮಗೆ ಬೇಕಾದದ್ದು ಅಷ್ಟೇ ಎಂದು ಕಾಣುತ್ತದೆ.

ಮೇ ಒಂದರ ಸಭೆಯಲ್ಲಿ ನಾಲ್ಕನೆಯ ಪುಟ ಓದದಿದ್ದರೆ ಅದನ್ನು ಊರಿನ ವಾರಪತ್ರಿಕೆಗೆ ಕಳಿಸುತ್ತೇನೆ. ನನ್ನ ಬಳಿ ಪ್ರತಿ ಇದೆ.

ನೊಯೆಲ್ ಡೆರೋಶೆ


15 ಏಪ್ರಿಲ್ 2019

ಕುಮಾರಿ ಡೆರೋಶೆ ಅವರಿಗೆ,

ನಿಮ್ಮ ಹತ್ತನೇ ತಾರೀಖಿನ ಪತ್ರ ತಲುಪಿತು. ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ, ಬೆದರಿಕೆಯ ಕಾಗದ ಬಂದದ್ದು ಇದೇ ಮೊದಲು.

ನೀವು ಕೇಳಲಿಲ್ಲ, ಆದರೂ ಒಂದು ಸಂಗತಿ ತಿಳಿದಿರಲಿ. ನಮ್ಮ ಬಳಿ ಬೇರೆ ನಿಧಿಯಿಲ್ಲ. ಮೇ ತಿಂಗಳ ಒಂದು ಶನಿವಾರವೇ ನಮ್ಮ ನಿಧಿ. ಮಾರಾಟ ನಿಂತರೆ ವಿದ್ಯಾರ್ಥಿವೇತನ ನಿಂತಿತು, ಅದು ನಿಂತರೆ ನಿಮ್ಮ ಕೊನೆಯ ವರ್ಷ ನಿಂತಿತು. ನಿಮ್ಮ ತಂದೆಯ ಪಾಕದ ಮನೆಯಿಂದ ಆ ಕಾಲೇಜಿನ ಶುಲ್ಕ ಹುಟ್ಟುವುದಿಲ್ಲವೆಂದು ನನಗೂ ಗೊತ್ತು, ನಿಮಗೂ ಗೊತ್ತು. ಆ ಪುಟವನ್ನು ಕೈಚೀಲಕ್ಕೆ ಹಾಕಿದಾಗ ನಾನು ನೆನೆದದ್ದು ಎಡಿತ್‌ಳನ್ನಲ್ಲ.

ಪತ್ರಿಕೆಗೆ ಕಳಿಸುವುದು ನಿಮ್ಮ ಇಷ್ಟ.

ವಿನಿಫ್ರೆಡ್ ಥೇಯರ್
ಅಧ್ಯಕ್ಷೆ


20 ಏಪ್ರಿಲ್ 2019

ಮಾನ್ಯ ಮಿಸೆಸ್ ಥೇಯರ್ ಅವರಿಗೆ,

ನಿಮ್ಮ ಕಾಗದವನ್ನು ಐದು ಸಲ ಓದಿದೆ. ಮಾರಾಟ ನಿಂತರೆ ನನ್ನ ವರ್ಷ ಹೋಗುತ್ತದೆಂದು ನನಗೆ ಗೊತ್ತಿತ್ತು. ನೀವು ಅದಕ್ಕಾಗಿ ಮುಚ್ಚಿಟ್ಟಿರೆಂದು ಮಾತ್ರ ಹೊಳೆಯಲಿಲ್ಲ. ನಿಮ್ಮ ಬಗ್ಗೆ ಬರೆದ ಕೆಟ್ಟ ಮಾತಿಗೆ ನಾಚಿಕೆಯಾಗುತ್ತಿದೆ. ಪತ್ರಿಕೆಗೆ ಕಳಿಸುವುದಿಲ್ಲ.

ಈಗ ನನ್ನದನ್ನು ಕೇಳಿ. ಇದನ್ನು ನಾಲ್ಕು ದಿನದಿಂದ ಬರೆದು ಹರಿಯುತ್ತಿದ್ದೇನೆ.

"ಈಚೆಗೆ ತಿಳಿಯಿತು" ಎಂದು ಮಾರ್ಚಿನಲ್ಲಿ ಬರೆದದ್ದು ಸುಳ್ಳು. ಆ ಹುಳುವಿನ ಪಾಠ ಆದದ್ದು ಅಕ್ಟೋಬರ್ ಮೊದಲ ವಾರ. ರಾಶಿಯನ್ನು ಹೊಗಳಿ ನೀವು ಬರೆದ ಕಾಗದ ಅದರ ಮೂರನೇ ದಿನ ಕೈಗೆ ಬಂತು. ಆ ವಾರಾಂತ್ಯ ಮನೆಗೆ ಓಡಿಬಂದದ್ದು ಕೊಳವೆ ಬಿಗಿಯಲು ಅಲ್ಲ. ಪಾಕದ ಮನೆಯ ಹಿಂದೆ ಹೋಗಿ, ನೀವು ಕೊಟ್ಟ ಮೂರು ಹೋಸ್ಟಾಗಳ ಬುಡ ಕೆದಕಿದೆ. ಮೂರರ ಬುಡದಲ್ಲೂ ಕಾಫಿ ಚರಟ. ಅಲ್ಲಿಂದ ಕಾಡಿನೊಳಗೆ ಹೆಜ್ಜೆ ಹಾಕುತ್ತಾ ಹೋದೆ. ನಲವತ್ತು ಹೆಜ್ಜೆ ಹೋದ ಮೇಲೆ ಕಾಲಿಗೆ ಎಲೆ ಸಿಕ್ಕಿತು. ಅಲ್ಲಿಯವರೆಗೂ ನೆಲ ಬೋಳು, ಒಂದು ಮೇಪಲ್ ಸಸಿಯಿಲ್ಲ. ಅದು ನನ್ನ ಮುತ್ತಜ್ಜ ಕ್ವಿಬೆಕ್‌ನಿಂದ ಬಂದು ಮೊದಲು ರಸಕ್ಕೆ ಮರ ಕೊರೆದ ಜಾಗ.

ಅಪ್ಪ ಅಂದು ಹೊರಗೆ ಬಂದು, "ಏನ್ ಹುಡುಕ್ತಿದ್ದೀಯೇ?" ಎಂದು ಕೇಳಿದರು. "ಕಿವಿಯೋಲೆ ಬಿತ್ತು" ಅಂದೆ. ಅವರೂ ಬಗ್ಗಿ ಅರ್ಧ ಗಂಟೆ ಹುಡುಕಿದರು.

ಫೆಬ್ರವರಿಯಲ್ಲಿ ಕೈಯೆತ್ತುವುದಿತ್ತಲ್ಲ, ಅದಕ್ಕಾಗಿ ಸುಮ್ಮನಿದ್ದೆ. ಮೊದಲು ನನ್ನ ವರ್ಷ ಗಟ್ಟಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಡಿಸೆಂಬರಿನಲ್ಲಿ ಕಾಗದ ಬರೆಯಲು ಕೂತರೆ ಕೈಯೇ ಓಡಲಿಲ್ಲ. ನಾನು ನವೆಂಬರಿನಲ್ಲೇ ಬಾಯಿ ಬಿಟ್ಟಿದ್ದರೆ ಆ ನಾನೂರು ಕುಂಡ ತುಂಬುತ್ತಲೇ ಇರಲಿಲ್ಲ. ನೀವು ಒಂದು ಪುಟ ಮುಚ್ಚಿಟ್ಟದ್ದು ಒಂದು ತಿಂಗಳು. ನಾನು ಐದು ತಿಂಗಳು.

ನಾಳೆ ಈಸ್ಟರ್. ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಊಟಕ್ಕೆ ಕೂರುವ ಮುಂಚೆ ಅಪ್ಪನಿಗೆ ಹೇಳುತ್ತೇನೆ.

ಮೇ ಒಂದಕ್ಕೆ ನಾಲ್ಕನೆಯ ಪುಟವನ್ನೂ ಓದಿ, ಈ ಕಾಗದವನ್ನೂ ಪೂರ್ತಿ ಓದಿ. ಏನೂ ಬಿಡಬೇಡಿ. ನನ್ನ ವರ್ಷ ಹೋದರೆ ಹೋಗಲಿ ಎಂದು ಬರೆಯಬೇಕೆಂದಿದ್ದೆ, ಆದರೆ ಸುಳ್ಳು ಸಾಕಾಗಿದೆ. ಹೋಗಬಾರದೆಂದು ತುಂಬಾ ಆಸೆಯಿದೆ. ಆದರೂ ಓದಿ.

ನೊಯೆಲ್


3 ಮೇ 2019

ಪ್ರೀತಿಯ ನೊಯೆಲ್,

ಓದಿದೆ. ಏನೂ ಬಿಡಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಈಸ್ಟರಿನ ಮರುದಿನ ಬೆಳಿಗ್ಗೆ ನಿಮ್ಮಪ್ಪನ ಟ್ರಕ್ಕು ನನ್ನ ಬಾಗಿಲಿಗೆ ಬಂತು. ಅಷ್ಟರಲ್ಲಿ ನಿನ್ನ ಕಾಗದ ಬಂದಿರಲಿಲ್ಲ, ಅಂದು ಮಧ್ಯಾಹ್ನದ ಅಂಚೆಗೆ ಬಂತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಂಗಳದ ಕುಂಡಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಕಿರುಚುತ್ತಾನೆಂದು ಕಾದೆ.

"ಮಿಸೆಸ್ ಥೇಯರ್, ಮೂರನೇ ಕ್ಲಾಸಲ್ಲಿ ನಾನು ಕಿಟಕಿ ಒಡೆದಿದ್ದು ನೆನಪಿದ್ಯಾ?" ಅಂದ.

"ಇದೆ ಅರ್ಮಾಂಡ್."

"ನಾನು ಮೇಜಿನ ಕೆಳಗೆ ಅವಿತ್ಕೊಂಡಿದ್ದೆ. ಯಾರೂ ನೋಡಿರ್ಲಿಲ್ಲ, ನೀವೊಬ್ರೇ ನೋಡಿದ್ದು. ಬೈಲಿಲ್ಲ, ಹೊಡೀಲಿಲ್ಲ. ಎಲ್ರ ಮುಂದೆ ನಿಲ್ಸಿ ನನ್ನ ಬಾಯಿಂದ್ಲೇ ಹೇಳ್ಸಿದ್ರಿ."

"ಹೌದು."

"ಹೇಳಿ ಮುಗ್ಸೋವರ್ಗೂ ನೀವು ಪಕ್ಕದಲ್ಲೇ ನಿಂತಿದ್ರಿ." ಟೋಪಿ ಹಾಕಿಕೊಂಡ. "ನನ್ನ ಮಗಳು ನಿನ್ನೆ ಹೇಳಿದ್ಲು. ಇನ್ನು ನೀವು ಹೇಳ್ಬೇಕು."

ಅಷ್ಟು ಹೇಳಿ ಹೋದ. ಅವನಿಗೆ ನಾನು ಕಲಿಸಿದ್ದು ಒಂದೇ ಎಂದು ನಿನಗೆ ಬರೆದಿದ್ದೆ. ಅವನು ಕಲಿತದ್ದು ಬೇರೆಯೇ, ಅದನ್ನು ನನಗೇ ತಂದು ಒಪ್ಪಿಸಿದ.

ಬುಧವಾರ ಚಹಾ ಸುರಿಯುವ ಮುಂಚೆಯೇ ಎದ್ದು ನಿಂತೆ. ನಿನ್ನ ನಾಲ್ಕನೆಯ ಪುಟ ಓದಿದೆ. ನಿನ್ನ ಇಪ್ಪತ್ತನೇ ತಾರೀಖಿನ ಕಾಗದ ಓದಲು ಶುರು ಮಾಡಿದೆ. ಕಿವಿಯೋಲೆಯ ಜಾಗಕ್ಕೆ ಬಂದಾಗ ನಿಲ್ಲಿಸಿದೆ. ಲೋರ್ನಾ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಮುಂದೆ ಓದು ವಿನ್ನಿ. ಕೈಯಲ್ಲಿ ಇನ್ನೂ ಹಾಳೆ ಇದೆ. ಏಪ್ರಿಲ್‌ನಲ್ಲೂ ಒಂದಿತ್ತು, ಕೈಚೀಲದೊಳಗೆ ಹೋಗಿದ್ದು ಕಂಡಿದ್ದೆ."

"ನೀನು ನಿದ್ದೆ ಮಾಡ್ತಿದ್ದೆ."

"ನಿದ್ದೆ ಮಾಡೋಳ ಮುಂದೆ ಜನ ಹುಷಾರಾಗಿರಲ್ಲ ನೋಡು. ಓದು."

ಓದಿದೆ. ಆಮೇಲೆ ನನ್ನದನ್ನು ಹೇಳಿದೆ. ನಿನಗೂ ಹೇಳಿಲ್ಲದ್ದು ಅದು.

ಹೋದ ಜುಲೈನಲ್ಲಿ ಕೃಷಿ ಇಲಾಖೆಯ ಒಂದು ಕರಪತ್ರ ಅಂಚೆಯಲ್ಲಿ ಬಂದಿತ್ತು. ಜಿಗಿಯುವ ಹುಳುವಿನ ಚಿತ್ರ, ಕಾಫಿ ಚರಟದ ಮಾತು, ಎಲ್ಲವೂ ಅದರಲ್ಲಿತ್ತು. ನೋಡಿದೆ, ಶೆಡ್ಡಿನ ಹಿಂದೆ ಹೋಗಿ ರಾಶಿಯನ್ನೂ ನೋಡಿದೆ, ಬಂದು ಕರಪತ್ರವನ್ನು ಬೀಜದ ಪೊಟ್ಟಣಗಳ ಡ್ರಾಯರಿಗೆ ಹಾಕಿದೆ. ಆಗಸ್ಟಿನಲ್ಲಿ ನಿನಗೆ ಆ ಮೂರನೇ ಕುಂಡ ಕೊಟ್ಟದ್ದು ಗೊತ್ತಿದ್ದೂ ಕೊಟ್ಟದ್ದು. ಇದನ್ನು ಬರೆಯಲು ನನ್ನ ಕೈಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅಕ್ಷರ ನೋಡಿಯೇ ತಿಳಿದುಕೊ.

ಅಕ್ಟೋಬರಿನ ಕಾಗದದಲ್ಲಿ ರಾಶಿಯನ್ನು ಹೊಗಳಿದ್ದು ಜಂಬಕ್ಕಲ್ಲ. ಕರಪತ್ರದಲ್ಲಿದ್ದ ಮಾತನ್ನೇ ಬರೆದೆ, ನೀನು ಗುರುತಿಸಿ ಒಳ್ಳೆಯದಲ್ಲ ಎನ್ನುತ್ತೀಯೋ ನೋಡೋಣವೆಂದು. ನೀನು ಸಂತೋಷವಾಯಿತು ಎಂದು ಬರೆದೆ. ಓದಿದವಳೇ ಒಪ್ಪಿದಳು ಎಂದು ಚಳಿಗಾಲವೆಲ್ಲ ಸುಖವಾಗಿ ನಿದ್ದೆ ಮಾಡಿದೆ. ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತಾ ಕೂತಿದ್ದೆವು, ಅಷ್ಟರಲ್ಲಿ ಕುಂಡ ತುಂಬಿತು.

ಮಾರಾಟ ಬೇಡವೆಂದು ಇಪ್ಪತ್ತೆಂಟು ಕೈ ಎದ್ದವು. ಬೇರು ತೊಳೆದು ಮಾರೋಣವೆಂದು ಯಾರೋ ಅಂದರು, ಹತ್ತು ದಿನದಲ್ಲಿ ಆರುನೂರು ಬೇರು ತೊಳೆಯಲು ನಮ್ಮಲ್ಲಿ ಯಾರ ಬೆರಳೂ ನೆಟ್ಟಗಿಲ್ಲ. ಕುಂಡಗಳೆಲ್ಲ ಈಗ ಕಪ್ಪು ಪ್ಲಾಸ್ಟಿಕ್ಕಿನ ಕೆಳಗಿವೆ. ರಾಶಿಯೂ. ಬಿಸಿಲು ಏರಿದರೆ ಮೊಟ್ಟೆ ಬೇಯುತ್ತವೆಯಂತೆ. ಅರವತ್ತು ವರ್ಷದ ರಾಶಿಯನ್ನು ನಾನೇ ಮುಚ್ಚಿ, ಅಂಚಿಗೆ ಕಲ್ಲು ಹೇರಿದೆ.

ನಿನ್ನ ವರ್ಷ ಹೋಯಿತು ನೊಯೆಲ್. ಬೇರೆ ಮಾತಿನಲ್ಲಿ ಸುತ್ತಿ ಹೇಳಲಾರೆ. ಯಾರಿಗೂ ನಿನ್ನ ಮೇಲೆ ಕೋಪವಿಲ್ಲ, ಕೊಡಲು ಏನೂ ಇಲ್ಲ ಅಷ್ಟೇ. ನಾನು ಸಮಿತಿಯಿಂದ ಇಳಿದಿದ್ದೇನೆ. ಇನ್ನು ಮೇಲೆ ಮಿಸೆಸ್ ಥೇಯರ್ ಎಂದು ಬರೆಯಬೇಕಾಗಿಲ್ಲ. ನೀನು ಬರೆಯಬೇಕೆಂಬ ನಿಯಮವೂ ಈಗಿಲ್ಲ.

ವಿನಿಫ್ರೆಡ್


16 ಸೆಪ್ಟೆಂಬರ್ 2019

ಮಿಸೆಸ್ ಥೇಯರ್,

ವಿನಿಫ್ರೆಡ್ ಎಂದು ಬರೆಯಲು ಕೂತೆ, ಕೈ ಓಡಲಿಲ್ಲ. ಹೀಗೇ ಇರಲಿ.

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಶಾಯಿ ಮನೆಯಲ್ಲಿದೆ, ನಾನು ಕಾಡಿನಲ್ಲಿದ್ದೇನೆ. ಕಾಲೇಜು ಶುರುವಾಗಿ ಮೂರು ವಾರವಾಯಿತು. ನನ್ನ ಜೊತೆಯವರು ಕೊನೆಯ ವರ್ಷದ ನಕ್ಷೆ ಶುರು ಮಾಡಿದ್ದಾರೆ, ನಾನು ಹಗಲು ಊರಿನ ರಸ್ತೆ ಬದಿಯ ಹುಲ್ಲು ಕತ್ತರಿಸುತ್ತೇನೆ. ಬರುವ ವರ್ಷ ಹೇಗಾದರೂ ವಾಪಸ್ ಹೋಗುತ್ತೇನೆಂದು ಅಪ್ಪನಿಗೆ ಹೇಳಿದ್ದೇನೆ. ಹೇಗೆಂದು ಅವರು ಕೇಳಲಿಲ್ಲ, ನನಗೂ ಗೊತ್ತಿಲ್ಲ.

ನಾಲ್ಕು ತಿಂಗಳು ನಿಮಗೆ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಆ ಮೂರನೇ ಕುಂಡವನ್ನು ನೀವು ನಗುತ್ತಾ ನನ್ನ ಕೈಗೆ ಕೊಟ್ಟದ್ದು ಕಣ್ಣ ಮುಂದೆ ಬಂದಾಗಲೆಲ್ಲ ಮೈ ಉರಿಯುತ್ತದೆ. ಈಗಲೂ ಉರಿಯುತ್ತದೆ. ನನ್ನ ಐದು ತಿಂಗಳು ನೆನಪಾದರೆ ಅದಕ್ಕಿಂತ ಹೆಚ್ಚು.

ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಒಂದು ಡಬ್ಬಿ ಸಾಸಿವೆ ಪುಡಿ ಇರುತ್ತದೆ. ಜುಲೈಯಿಂದ ಹತ್ತು ಡಬ್ಬಿ. ಚೀಟಿಯಿಲ್ಲ, ಹೆಸರಿಲ್ಲ. ಅಪ್ಪ ಮೊದಲ ದಿನವೇ, "ಮಿಸೆಸ್ ಥೇಯರ್ ಬಂದಿದ್ರು. ಎಂಜಿನ್ ಕೂಡ ಆರ್ಸಲಿಲ್ಲ, ಇಟ್ರು, ಹೋದ್ರು" ಅಂದರು. ಸಾಸಿವೆ ನೀರು ಹೊಯ್ದರೆ ಹುಳು ಮೇಲೆ ಬರುತ್ತವೆಂದು ನಿಮಗೆ ಯಾರು ಹೇಳಿದರೋ. ಬಹುಶಃ ಆ ಕರಪತ್ರವನ್ನು ಕೊನೆಗೂ ಪೂರ್ತಿ ಓದಿದಿರಿ.

ಹೋಸ್ಟಾ ಮೂರನ್ನೂ ಕಿತ್ತು ಕಪ್ಪು ಚೀಲಕ್ಕೆ ಹಾಕಿದೆವು. ನಲವತ್ತನೇ ಹೆಜ್ಜೆಯಲ್ಲಿ ಗೂಟ ಹೊಡೆದು ಸುತ್ತಲೂ ದಾರ ಕಟ್ಟಿದ್ದೇನೆ. ಶನಿವಾರ ಶನಿವಾರ ದಾರದುದ್ದಕ್ಕೂ ಸಾಸಿವೆ ನೀರು ಹೊಯ್ಯುತ್ತೇವೆ, ಮೇಲೆ ಬಂದವನ್ನು ಅಪ್ಪನೂ ನಾನೂ ಹೆಕ್ಕಿ ಬಕೆಟ್ಟಿಗೆ ಹಾಕುತ್ತೇವೆ. ದಾರದ ಒಳಗಿನ ನೆಲವನ್ನು ಉಳಿಸಲು ಆಗುವುದಿಲ್ಲ. ಹುಳು ದಾರದಾಚೆಗೆ ಜುಲೈಯಿಂದ ಒಂದು ಹೆಜ್ಜೆಯೂ ಹೋಗಿಲ್ಲ. ಈ ಕಾಗದ ಬರೆಯುವಾಗ ನನ್ನ ಬಲಗಾಲಿನ ಪಕ್ಕ, ದಾರದ ಆಚೆ, ಎಲೆಯ ಹಾಸಿನಲ್ಲಿ ಎರಡು ಎಲೆಯ ಒಂದು ಮೇಪಲ್ ಸಸಿಯಿದೆ.

ಅಪ್ಪನಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ನಿನ್ನೆ, "ಬರೀ ಪುಡಿ ತಂದಿಟ್ರೆ ಸಾಕಾ? ಆ ಟೀಚರಮ್ಮಂಗೆ ಬಗ್ಗೋಕೆ ಬರಲ್ವಂತಾ?" ಅಂದರು. ಬಾಯಲ್ಲಿ ಹಾಗಂದು, ಶೆಡ್ಡಿನಿಂದ ಇನ್ನೊಂದು ಬಕೆಟ್ ತಂದು ತೊಳೆದಿಟ್ಟಿದ್ದಾರೆ, ಜೊತೆಗೊಂದು ಸಣ್ಣ ಸ್ಟೂಲು.

ಇದು ಒಂದೇ ಪುಟ, ಇದನ್ನು ಸಭೆಯಲ್ಲಿ ಓದಬೇಡಿ. ಶನಿವಾರ ಡಬ್ಬಿ ಇಟ್ಟು ಹೋಗಬೇಡಿ, ಎಂಜಿನ್ ಆರಿಸಿ ಇಳಿಯಿರಿ. ಬೂಟಿನ ಅಡಿಗೆ ಅಂಟಿದ ಮಣ್ಣನ್ನು ಮನೆಯಲ್ಲೇ ಚೆನ್ನಾಗಿ ಉಜ್ಜಿ ತೊಳೆದುಕೊಂಡು ಬನ್ನಿ. ದಾರದ ಹತ್ತಿರ ಬಿಡುವ ಮುಂಚೆ ನಾನೇ ಎತ್ತಿ ನೋಡುತ್ತೇನೆ.

ನೊಯೆಲ್